ಪೆಟ್ರೋಲಿಗೆ ಸಿಗದ ಕ್ಯಾಶ್‌ಬ್ಯಾಕ್

ಗುರುತು ಸಿಗದ ಹಾಗೆ ಊರು ಮತ್ತು ಮನೆಯ ಕೆಲವು ವಿವರ ಬದಲಿಸಿದ್ದೇನೆ. ಇದು ನನ್ನ ಬಳಿ ಸಲಹೆಗೆ ಬಂದ ಗಂಡ ಹೆಂಡತಿಯ ಕಥೆ, ಬರೆಯಲು ಇಬ್ಬರೂ ಒಪ್ಪಿದ್ದಾರೆ.

"ಇವರು ರಾತ್ರಿ ಎರಡು ಗಂಟೆಗೆ ಎದ್ದು ಕೂತ್ಕೋತಾರೆ ಮೇಡಂ. ಏನಾಯ್ತು ಅಂದ್ರೆ ಸಿಡುಕ್ತಾರೆ." ಆಕೆ ಇಷ್ಟು ಹೇಳಿ ಗಂಡನ ಮುಖ ನೋಡಿದರು. ಗಂಡ ಖಾಸಗಿ ಪಿಯು ಕಾಲೇಜಿನಲ್ಲಿ ವಾಣಿಜ್ಯ ವಿಭಾಗದ ಉಪನ್ಯಾಸಕರು, ವಯಸ್ಸು ನಲವತ್ತರ ಆಸುಪಾಸು. ತಲೆ ತಗ್ಗಿಸಿ ಕೂತಿದ್ದರು. ನಿದ್ದೆಯ ಮಾತಿನಿಂದ ಶುರುವಾದ ಸಂಭಾಷಣೆ ಕ್ರೆಡಿಟ್ ಕಾರ್ಡಿಗೆ ಬರಲು ಎರಡು ಭೇಟಿ ಹಿಡಿಯಿತು.

ಕಾರ್ಡು ಮಾಡಿಸಿದ್ದು ಪೆಟ್ರೋಲ್ ಬಂಕಿನಲ್ಲಿ. ಅಲ್ಲಿ ಮೇಜು ಹಾಕಿಕೊಂಡಿದ್ದ ಹುಡುಗ "5% ಕ್ಯಾಶ್‌ಬ್ಯಾಕ್ ಸರ್" ಅಂದಿದ್ದ, ಅಂದರೆ ಖರ್ಚು ಮಾಡಿದ್ದರಲ್ಲಿ 5% ವಾಪಸ್. ಇವರು ದಿನಾ ಕಾರಿನಲ್ಲಿ 35 ಕಿ.ಮೀ. ಹೋಗಿ ಬರುವವರು, ತಿಂಗಳಿಗೆ ಪೆಟ್ರೋಲಿಗೇ ₹9,500 ಬೇಕು. ಬಂಕಿನಲ್ಲಿ ಕೊಟ್ಟ ಕಾರ್ಡು ಪೆಟ್ರೋಲಿಗೆ ಅಂತಲೇ ತಿಳಿದರು. ಆ 5% ಆನ್‌ಲೈನ್ ಖರೀದಿಗೆ ಮಾತ್ರ ಇತ್ತು, ಅದಕ್ಕೂ ತಿಂಗಳಿಗೆ ₹500ರ ಮಿತಿ. ಇಂಧನ, ಬಾಡಿಗೆ, ವಿಮೆ, ವಾಲೆಟ್‌ಗೆ ಹಾಕುವ ಹಣ, ಇವಕ್ಕೆ ಏನೂ ಇಲ್ಲ. ಪೆಟ್ರೋಲಿಗೆ ಇದ್ದದ್ದು 'ಸರ್ಚಾರ್ಜ್ ಮಾಫಿ' ಒಂದೇ. ಕಾರ್ಡಿನಲ್ಲಿ ಕೊಟ್ಟದ್ದಕ್ಕೆ ಹೆಚ್ಚುವರಿಯಾಗಿ ಹಿಡಿಯುವ 1% ಅನ್ನು ವಾಪಸ್ ಹಾಕುವುದಷ್ಟೇ ಅದರ ಅರ್ಥ. ನಗದು ಕೊಟ್ಟಿದ್ದರೆ ಆ 1% ಹೋಗುತ್ತಲೇ ಇರಲಿಲ್ಲ. ಬಹಳ ಜನ ಇದನ್ನೇ ಲಾಭ ಅಂದುಕೊಳ್ಳುತ್ತಾರೆ, ಇವರೂ ಹಾಗೇ ಅಂದುಕೊಂಡಿದ್ದರು.

ತಪ್ಪು ತಿಳಿದದ್ದರಿಂದ ಹೆಚ್ಚು ನಷ್ಟ ಆಗಲಿಲ್ಲ, ನಷ್ಟ ಆದದ್ದು ಆಮೇಲೆ. 5% ಸಿಗುತ್ತದೆಂದು ಮಿಕ್ಸಿ, ಮಗಳಿಗೆ ಟ್ಯಾಬ್, ಅತ್ತೆಗೆ ಸೀರೆ ಕೊಂಡರು. ಪ್ರತಿ ಸಲ ಕ್ಯಾಶ್‌ಬ್ಯಾಕ್ ಮೆಸೇಜು ಬಂದಾಗ ಹೆಂಡತಿಗೆ ತೋರಿಸುತ್ತಿದ್ದರಂತೆ. ಮನೆಗೆ ಏನೋ ಉಳಿಸಿದೆ ಎಂಬ ಆ ಹೆಮ್ಮೆಯನ್ನು ನಾನು ಹಗುರವಾಗಿ ನೋಡಲಾರೆ. ಜೂನ್‌ನಲ್ಲಿ ಶಾಲೆಯ ಫೀಸು ಕಟ್ಟಿ ಕೈ ಬರಿದಾದಾಗ ಮೊದಲ ಬಾರಿ 'ಕನಿಷ್ಠ ಮೊತ್ತ' ಮಾತ್ರ, ಅಂದರೆ ಬಿಲ್ಲಿನ ಒಂದು ಸಣ್ಣ ಪಾಲು ಮಾತ್ರ ಕಟ್ಟಿದರು. ಆಮೇಲೆ ಎಂಟು ತಿಂಗಳು ಅದೇ ಆಯಿತು. ಹೆಂಡತಿಗೆ ಹೇಳಲಿಲ್ಲ. "ಕ್ಲಾಸಿನಲ್ಲಿ ಬಡ್ಡಿ ಲೆಕ್ಕ ಹೇಳಿಕೊಡೋನು ನಾನು" ಅಂದಾಗ ಅವರ ದನಿ ಒಡೆಯಿತು.

ಮೂರನೇ ಭೇಟಿಗೆ ಒಂದು ಬಿಲ್ ತರಲು ಹೇಳಿದೆ. ಮೇಜಿನ ಮೇಲೆ ಹರವಿ ಮೂವರೂ ಓದಿದೆವು. ಬಾಕಿ ₹40,000. ಬಡ್ಡಿ ತಿಂಗಳಿಗೆ 3.5%, ಅಂದರೆ ₹1,400. ಅದರ ಮೇಲೆ 18% ಜಿಎಸ್‌ಟಿ ₹252. ಇವರು ಕಟ್ಟಿದ್ದು ₹2,000. ಸಾಲಕ್ಕೆ ಸಂದದ್ದು ₹348. ಆಕೆ ಪೆನ್ನು ತೆಗೆದುಕೊಂಡು ಆ 348ರ ಸುತ್ತ ಗೆರೆ ಹಾಕಿದರು, ಏನೂ ಅನ್ನಲಿಲ್ಲ. ಹಳೆಯ ಬಾಕಿ ಉಳಿಸಿಕೊಂಡವರಿಗೆ ಬಡ್ಡಿರಹಿತ ದಿನಗಳೂ ಇರುವುದಿಲ್ಲ, ಹೊಸದಾಗಿ ಕೊಂಡದ್ದಕ್ಕೆ ಕೊಂಡ ದಿನದಿಂದಲೇ ಬಡ್ಡಿ. ವರ್ಷದ ಕ್ಯಾಶ್‌ಬ್ಯಾಕ್ ಒಟ್ಟು ₹2,340 ಆಗಿತ್ತು. ಬಡ್ಡಿ, ತೆರಿಗೆ, ವಾರ್ಷಿಕ ಶುಲ್ಕ ಎಲ್ಲಾ ಸೇರಿ ಹೋದದ್ದು ₹14,000ದ ಹತ್ತಿರ.

ನಾನು ಮೊದಲು ಹೇಳಿದ್ದು ಇದು: ಬಾಕಿ ತೀರುವ ತನಕ ಯಾವ ಕಾರ್ಡು ಒಳ್ಳೆಯದು ಎಂಬ ಮಾತೇ ಬೇಡ. ತಿಂಗಳು ತಿಂಗಳು ಪೂರ್ತಿ ಬಿಲ್ ಕಟ್ಟುವವರಿಗೆ ಮಾತ್ರ ಕ್ಯಾಶ್‌ಬ್ಯಾಕ್ ದಕ್ಕುತ್ತದೆ.

ಆಕೆಯ ಹೆಸರಿನಲ್ಲಿ ಸೊಸೈಟಿಯಲ್ಲಿ 7.5% ಬಡ್ಡಿಯ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಇತ್ತು, ಮಗಳಿಗೆಂದು ಕಟ್ಟುತ್ತಾ ಬಂದದ್ದು. "ಅದನ್ನ ಮುಟ್ಟೋದು ಬೇಡ" ಅಂದರು ಮೇಷ್ಟ್ರು. ಮುರಿಯಬೇಕಿಲ್ಲ, ಅದರ ಮೇಲೆ ಸಾಲ ಸಿಗುತ್ತದಲ್ಲ ಎಂದೆ. ವಿಚಾರಿಸಿದಾಗ 9.5%ಕ್ಕೆ ಸಿಕ್ಕಿತು, ಅದರಿಂದ ಕಾರ್ಡಿನ ಬಾಕಿ ತೀರಿಸಿದರು. ತಿಂಗಳಿಗೆ ₹1,652 ಹೋಗುತ್ತಿದ್ದ ಕಡೆ ಈಗ ₹317ರಿಂದ ಶುರು. ಹಳೆಯ ಕಾರ್ಡನ್ನು ಮುಚ್ಚಲು ಲಿಖಿತ ಮನವಿ ಕೊಡಿಸಿದೆ. ಬಾಕಿ ಇಲ್ಲದಿದ್ದರೆ 7 ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ ₹500ರಂತೆ ಗ್ರಾಹಕರಿಗೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಕಸ್ಟಮರ್ ಕೇರ್‌ನವರ ಮನವೊಲಿಕೆಗೆ ಸೋತು ಕಾರ್ಡು ಇಟ್ಟುಕೊಳ್ಳುತ್ತಾರೆ.

ಇನ್ನೊಂದು ಕೆಲಸ ಆಕೆಗೆ ವಹಿಸಿದೆ: ಮೂರು ತಿಂಗಳು ಖರ್ಚನ್ನು ಬರೆದಿಡುವುದು. ಹಾಲಿನ ಲೆಕ್ಕ ಬರೆಯುವ ಡೈರಿಯಲ್ಲೇ ಬರೆದು ತಂದರು. ತಿಂಗಳಿಗೆ ಪೆಟ್ರೋಲ್ ₹9,500. ಕಿರಾಣಿ, ಔಷಧಿ ₹9,000. ಆನ್‌ಲೈನ್ ಬರೀ ₹2,500.

ಈ ಖರ್ಚಿಗೆ ಯಾವ ಕಾರ್ಡು ಹೊಂದುತ್ತದೆ ಎಂದು ಈಗ ಲೆಕ್ಕ ಹಾಕಿದೆವು. ಹಳೆಯಂಥದ್ದೇ ಕಾರ್ಡಾದರೆ ವರ್ಷಕ್ಕೆ ₹1,500 ಬರುತ್ತದೆ, ₹1,000 ಶುಲ್ಕ, ₹180 ತೆರಿಗೆ ಹೋಗಿ ಉಳಿಯುವುದು ₹320. ಶುಲ್ಕವೇ ಇಲ್ಲದ ರುಪೇ ಕಾರ್ಡನ್ನು ಯುಪಿಐಗೆ ಜೋಡಿಸಿ ಕಿರಾಣಿಗೆ ಬಳಸಿದರೆ 1%ರಂತೆ ₹1,080. ಆದರೆ ಅಂಗಡಿಯವರ ಕ್ಯೂಆರ್ ವ್ಯಾಪಾರಿ ಖಾತೆಯದ್ದಾಗಿರಬೇಕು. ಅವರ ಶೆಟ್ಟರ ಅಂಗಡಿಯಲ್ಲಿ ಇದ್ದದ್ದು ಸ್ವಂತ ಖಾತೆಯ ಕ್ಯೂಆರ್, ಹಾಗಾಗಿ ಅದು ಬಿಟ್ಟುಹೋಯಿತು. ಮೇಷ್ಟ್ರು ದಿನಾ ಹಾಕಿಸುವ ಬಂಕಿನ ತೈಲ ಕಂಪನಿಯ ಜೊತೆ ಸೇರಿ ಬ್ಯಾಂಕು ಕೊಡುವ ಕಾರ್ಡಿನಲ್ಲಿ ಪಾಯಿಂಟ್‌ಗಳ ಬೆಲೆ ತಿಂಗಳಿಗೆ ಹೆಚ್ಚೆಂದರೆ ₹325. ಶುಲ್ಕ, ತೆರಿಗೆ ₹590 ಕಳೆದರೂ ವರ್ಷಕ್ಕೆ ₹3,310. ಈ ಲೆಕ್ಕ ಹಾಕಿದವರು ಅವರೇ, ಬೋರ್ಡಿನ ಮುಂದೆ ನಿಂತವರ ಹಾಗೆ ಒಂದೊಂದೇ ಸಾಲು ಬಿಡಿಸಿ ಹೇಳುತ್ತಾ. ಎಷ್ಟೋ ವಾರಗಳ ಮೇಲೆ ಅವರ ಬೆನ್ನು ನೆಟ್ಟಗಾದದ್ದನ್ನು ನಾನು ಅಂದು ನೋಡಿದೆ.

ಆ ಕಾರ್ಡನ್ನೇ ಆರಿಸಿ ಮೂರು ಷರತ್ತು ಹಾಕಿಕೊಂಡರು. ಪೆಟ್ರೋಲಿಗೆ ಬಿಟ್ಟರೆ ಬೇರೆಲ್ಲೂ ಉಜ್ಜುವುದಿಲ್ಲ. ಎಟಿಎಂಗೆ ಹಾಕುವುದೇ ಇಲ್ಲ, ಯಾಕೆಂದರೆ ನಗದು ತೆಗೆದರೆ ಅಂದಿನಿಂದಲೇ ಬಡ್ಡಿ, ಮೇಲೆ ಶುಲ್ಕ. ಬಿಲ್ ಖಾತೆಯಿಂದ ತಾನಾಗಿ ಕಟ್ಟಿಹೋಗುವ ಆಟೋಪೇ ಹಾಕುವಾಗ 'ಕನಿಷ್ಠ ಮೊತ್ತ' ಅಲ್ಲ, 'ಒಟ್ಟು ಮೊತ್ತ' ಆರಿಸುವುದು. ಸಂಬಳ 7ಕ್ಕೆ ಬರುವುದರಿಂದ ಅದರ ನಂತರ ಕಟ್ಟುವ ದಿನ ಬರುವಂತೆ ಬಿಲ್ಲಿಂಗ್ ಅವಧಿ ಬದಲಿಸಿಕೊಂಡರು. ಇದನ್ನು ಕೇಳಿ ಪಡೆಯುವ ಹಕ್ಕು ಗ್ರಾಹಕರಿಗಿದೆ.

ನಿದ್ದೆಯ ವಿಷಯ ಪೂರ್ತಿ ಸರಿಹೋಗಿಲ್ಲ, ಅದರ ಮೇಲೆ ಇನ್ನೂ ಕೆಲಸ ನಡೆದಿದೆ. ಕಳೆದ ಭೇಟಿಯಲ್ಲಿ ಆಕೆ ಡೈರಿ ತೆರೆದು ತೋರಿಸಿದರು. ಹಾಲು, ಗ್ಯಾಸು, ಕರೆಂಟು ಎಲ್ಲಾ ಅವರ ಬರಹ. ಅದರ ಕೆಳಗೆ 'ಕಾರ್ಡ್ ಬಿಲ್, ಪೂರ್ತಿ' ಎಂಬ ಸಾಲು ಮಾತ್ರ ಮೇಷ್ಟ್ರದು.