ಮಗನ ಮುರುಕು ಬಸ್ಸನ್ನು ಗುಜರಿಗೆ ಕೊಟ್ಟುಬಿಟ್ಟೆ, ಈಗ ಅವನ ಮುಖ ನೋಡಲು ಆಗುತ್ತಿಲ್ಲ

ಪತ್ರ: ನನಗೆ 32 ವರ್ಷ. ತುಮಕೂರಿನಲ್ಲಿ ಬಾಡಿಗೆ ಮನೆ. ಒಂದು ಹಾಲು, ಒಂದು ರೂಮು, ಅಡುಗೆಮನೆ. ನಾನು, ಯಜಮಾನರು, ಅತ್ತೆ, 7 ವರ್ಷದ ಮಗಳು, 4 ವರ್ಷದ ಮಗ ಇದ್ದೇವೆ. ಯಜಮಾನರು ಟ್ಯಾಕ್ಸಿ ಓಡಿಸುತ್ತಾರೆ, ನಾನು ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತೇನೆ. ಮನೆ ತುಂಬ ಆಟದ ಸಾಮಾನು. ನಾದಿನಿ ಬಂದಾಗೆಲ್ಲ ಒಂದು ಚೀಲ ತರುತ್ತಾಳೆ, ಹುಟ್ಟುಹಬ್ಬಕ್ಕೆ ಬಂದಿದ್ದೇ ಬೇರೆ. ರಾತ್ರಿ ಎಂಟೂವರೆಗೆ ಬಾಗಿಲು ತೆಗೆದರೆ ಕಾಲಿಡಲು ಜಾಗವಿರುವುದಿಲ್ಲ. 'ಮನೆ ಒಂದು ನೀಟಾಗಿ ಇಟ್ಕೊಳ್ಳಕ್ಕಾಗಲ್ವಾ' ಅಂತ ಯಜಮಾನರು ನನಗೇ ಹೇಳುತ್ತಾರೆ. ಹೋದ ತಿಂಗಳು ಅತ್ತೆ ಒಂದು ಪ್ಲಾಸ್ಟಿಕ್ ಬ್ಲಾಕ್ ಮೆಟ್ಟಿ ಜಾರಿದರು. ಪುಣ್ಯಕ್ಕೆ ಏನೂ ಆಗಲಿಲ್ಲ. ಮಾರನೆ ದಿನ ರಜೆ ಹಾಕಿ, ಮಕ್ಕಳು ಸ್ಕೂಲಿಗೆ ಹೋದ ಮೇಲೆ ಎರಡು ಅಕ್ಕಿ ಚೀಲ ತುಂಬಿಸಿ ಗುಜರಿಯವರಿಗೆ ಕೊಟ್ಟೆ. ಅದರಲ್ಲಿ ಚಕ್ರ ಕಿತ್ತುಹೋದ ಒಂದು ಕೆಂಪು ಬಸ್ಸೂ ಇತ್ತು. ಹೋದ ವರ್ಷ ತೀರಿಕೊಂಡ ಮಾವನವರು ಸಿದ್ಧಗಂಗೆ ಜಾತ್ರೆಯಲ್ಲಿ ಮಗನಿಗೆ ಕೊಡಿಸಿದ್ದು. ಅವನು ಕೇಳಿದಾಗ 'ಎಲ್ಲೋ ಕಳೆದುಹೋಗಿದೆ' ಅಂದೆ. ಮೂರು ವಾರದಿಂದ ದಿನಾ ರಾತ್ರಿ ಅಪ್ಪನ ಮೊಬೈಲ್ ಟಾರ್ಚ್ ಹಿಡಿದು ಮಂಚದ ಕೆಳಗೆ ಹುಡುಕುತ್ತಾನೆ. ಮಗಳು ಪೆನ್ಸಿಲ್ ತುಂಡನ್ನೂ ಬಿಡದೆ ಸ್ಕೂಲ್ ಬ್ಯಾಗಿಗೆ ತುಂಬಿಕೊಂಡು ಹೋಗುತ್ತಾಳೆ. ಅತ್ತೆ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ನಾನು ಕೆಟ್ಟ ತಾಯಿಯೇ? ಮಿಕ್ಕ ಸಾಮಾನನ್ನು ಹೇಗೆ ಜೋಡಿಸಲಿ? ಕೈಯಲ್ಲಿ 500 ರೂಪಾಯಿ ಬಿಟ್ಟರೆ ಹೆಚ್ಚಿಗೆ ಇಲ್ಲ.
— ಹೆಸರು ಬೇಡ, ತುಮಕೂರು

ಉತ್ತರ:

ತಂಗೀ, ನೀವು ಕೆಟ್ಟ ತಾಯಿ ಅಲ್ಲ. ದಿನವಿಡೀ ಕೌಂಟರಿನಲ್ಲಿ ದುಡಿದು ಬಂದು, ಹಾಲಿನಲ್ಲಿ ಹರಡಿದ ಸಾಮಾನಿನ ನಡುವೆ ದಾರಿ ಮಾಡಿಕೊಂಡು ಅಡುಗೆಮನೆಗೆ ಹೋಗಬೇಕಾದವರಿಗೆ ಒಂದು ದಿನ ತಲೆ ಕೆಟ್ಟೇ ಕೆಡುತ್ತದೆ. ಅತ್ತೆ ಜಾರಿದ ಮೇಲಂತೂ ನೀವು ಹೆದರಿದ್ದರಲ್ಲಿ ತಪ್ಪೇನಿದೆ? ಆ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ಆದರೆ ಎರಡು ಕಡೆ ನೀವು ಎಡವಿದ್ದೀರಿ. ಮಕ್ಕಳನ್ನು ಕೇಳದೆ ಕೊಟ್ಟಿರಿ, ಕೊಟ್ಟ ಮೇಲೆ ಕಳೆದುಹೋಯಿತು ಅಂದಿರಿ. ಈಗ ನಿಮ್ಮ ಮನೆಯನ್ನು ಹಿಂಡುತ್ತಿರುವುದು ಆ ಎರಡನೆಯ ಮಾತು.

ಕಳೆದುಹೋದದ್ದು ಸಿಗಬಹುದು ಅಂತ ನಾಲ್ಕು ವರ್ಷದ ಮಗು ನಂಬುತ್ತದೆ. ಅದಕ್ಕೇ ಅವನು ಹುಡುಕುತ್ತಲೇ ಇದ್ದಾನೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಜ ಹೇಳಿ: 'ಬಸ್ಸು ಕಳೆದುಹೋಗಿಲ್ಲ ಕಂದ. ನಿನ್ನ ಕೇಳದೆ ಅಮ್ಮ ಕೊಟ್ಟುಬಿಟ್ಟೆ. ತಪ್ಪಾಯ್ತು.' ಇಷ್ಟೇ ಸಾಕು. ಮನೆ ಗಲೀಜಾಗಿತ್ತು, ಬಸ್ಸಿಗೆ ಚಕ್ರ ಇರಲಿಲ್ಲ ಅಂತ ಕಾರಣ ಸೇರಿಸಬೇಡಿ. ಅವನು ಅಳುತ್ತಾನೆ, ನಿಮ್ಮನ್ನು ಹೊಡೆಯಲೂಬಹುದು. ಅತ್ತು ಮುಗಿಸಲಿ, ನೀವು ಎದ್ದು ಹೋಗಬೇಡಿ. ಹೊಸ ಬಸ್ಸು ತಂದು 'ನೋಡು, ಸಿಕ್ತು' ಅನ್ನುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಯಾವ ಕಿಟಕಿಯ ಹತ್ತಿರ ಗೀರಿತ್ತು, ಯಾವ ಮೂಲೆಯಲ್ಲಿ ಬಣ್ಣ ಹೋಗಿತ್ತು ಅನ್ನುವುದು ನಮಗಿಂತ ಮಕ್ಕಳಿಗೆ ಚೆನ್ನಾಗಿ ಗೊತ್ತಿರುತ್ತದೆ. ಗುಜರಿ ಅಂಗಡಿಗೂ ಒಮ್ಮೆ ಹೋಗಿ ಬನ್ನಿ, ನೀವೊಬ್ಬರೇ. ಮೂರು ವಾರ ಕಳೆದಿರುವುದರಿಂದ ಸಿಗುವುದು ಕಷ್ಟ, ಅಂಥವರು ಪ್ಲಾಸ್ಟಿಕ್ ವಿಂಗಡಿಸಿ ಬೇಗ ಸಾಗಿಸಿಬಿಡುತ್ತಾರೆ. ಆದರೂ ಅಮ್ಮ ಹೋಗಿ ಕೇಳಿ ಬಂದಳು ಅನ್ನುವುದು ಅವನಿಗೆ ತಿಳಿಯಲಿ.

ಮಗಳ ವಿಷಯ ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನ್ನನ್ನು ತಡೆದು ನಿಲ್ಲಿಸಿದ್ದು ಆ ಸಾಲು. ಆ ಹುಡುಗಿಗೆ ಎಲ್ಲ ಅರ್ಥವಾಗಿದೆ. ಸ್ಕೂಲಿನಿಂದ ಬರುವಷ್ಟರಲ್ಲಿ ಇನ್ನೇನು ಮಾಯವಾಗಿರುತ್ತದೋ ಅಂತ ಹೆದರಿ ತನ್ನದನ್ನೆಲ್ಲ ಬೆನ್ನ ಮೇಲೆ ಹೊತ್ತು ತಿರುಗುತ್ತಿದ್ದಾಳೆ. ಒಮ್ಮೆ ಹೀಗೆ ಹೆದರಿದ ಮಗು ಇನ್ನು ಯಾವುದನ್ನೂ ಬಿಟ್ಟುಕೊಡುವುದಿಲ್ಲ, ಮುರಿದ ಸ್ಕೇಲನ್ನೂ ಬಾಚಿ ಇಟ್ಟುಕೊಳ್ಳುತ್ತದೆ. ಅವಳಿಗೆ ಬೇರೆಯಾಗಿ ಹೇಳಿ, ಇನ್ನು ಮುಂದೆ ನಿನ್ನ ಸಾಮಾನು ನಿನ್ನ ಕೇಳದೆ ಈ ಮನೆಯಿಂದ ಹೊರಗೆ ಹೋಗಲ್ಲ ಅಂತ. ಆ ಮಾತನ್ನು ಉಳಿಸಿಕೊಂಡರೆ ಬ್ಯಾಗು ತಾನಾಗಿಯೇ ಹಗುರಾಗುತ್ತದೆ.

ಇನ್ನು ನಿಮ್ಮ ಅತ್ತೆ. ಅವರು ಸಿಟ್ಟಾಗಿದ್ದಾರೆ ಅಂತ ನೀವು ಅಂದುಕೊಂಡಿದ್ದೀರಿ. ನನಗೆ ಹಾಗನ್ನಿಸುತ್ತಿಲ್ಲ. ಅದು ಅವರ ಯಜಮಾನರು ಕೊನೆಯ ಜಾತ್ರೆಗಳಲ್ಲಿ ಒಂದರಿಂದ ಹೊತ್ತು ತಂದ ಬಸ್ಸು. ಮೊಮ್ಮಗ ಅದನ್ನು ನೆಲದ ಮೇಲೆ ಉಜ್ಜಿ ಓಡಿಸುವ ಸದ್ದು ಅವರಿಗೆ ಏನಾಗಿತ್ತೋ. ಬಾಯಿಬಿಟ್ಟು ಹೇಳಿದರೆ 'ಮುರುಕು ಪ್ಲಾಸ್ಟಿಕ್‌ಗೆ ಅಳ್ತಾರೆ' ಅಂದುಕೊಳ್ಳುತ್ತಾರೆಂದು ಸುಮ್ಮನಿದ್ದಾರೇನೋ. ಅವರ ಹತ್ತಿರವೂ 'ತಪ್ಪಾಯ್ತು ಅತ್ತೆ, ನೆನಪಾಗಲಿಲ್ಲ' ಅನ್ನಿ. ಆಮೇಲೆ ಮಾವನವರು ಆ ಬಸ್ಸು ಕೊಡಿಸಿದ ದಿನದ ಕತೆಯನ್ನು ಮೊಮ್ಮಗನಿಗೆ ಹೇಳಿಸಿ. ಬಸ್ಸಿಲ್ಲದಿದ್ದರೂ ಆ ದಿನದ ಕತೆ ಹುಡುಗನಿಗೆ ಸಿಗಲಿ.

ಮಿಕ್ಕ ಸಾಮಾನಿನ ವಿಷಯಕ್ಕೆ ಬರುತ್ತೇನೆ. ನಮ್ಮಜ್ಜಿಯ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುತ್ತಿದ್ದರು. ಪಟ್ಟದ ಗೊಂಬೆ, ಸೆಟ್ಟಿ ಸೆಟ್ಟಿತಿ, ಮಣ್ಣಿನ ಹಣ್ಣು ತರಕಾರಿ. ಹಬ್ಬ ಮುಗಿದ ಮೇಲೆ ಒಂದೊಂದನ್ನೂ ಹಳೆ ಪಂಚೆಯ ತುಂಡಿನಲ್ಲಿ ಸುತ್ತಿ, ಬೇವಿನ ಸೊಪ್ಪು ಹಾಕಿ, ಟ್ರಂಕಿಗೆ ಸೇರಿಸಿ ಅಟ್ಟಕ್ಕೆ ಏರಿಸುತ್ತಿದ್ದರು. ವರ್ಷವಿಡೀ ಅವು ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ಮುಂದಿನ ವರ್ಷ ಟ್ರಂಕು ಇಳಿಸಿದಾಗ, ನೋಡಿ ನೋಡಿ ಹಳತಾದ ಅದೇ ಗೊಂಬೆಗಳಿಗೆ ನಾವು ಐದಾರು ಮಕ್ಕಳು ಮುಗಿಬೀಳುತ್ತಿದ್ದೆವು. ನಿಮ್ಮ ಮನೆಯ ಆಟದ ಸಾಮಾನಿಗೂ ಇದನ್ನೇ ಮಾಡಿ, ವರ್ಷದ ಬದಲು ಮೂರು ವಾರಕ್ಕೊಮ್ಮೆ. ಕಾಲು ಭಾಗ ಹೊರಗಿರಲಿ, ಮಿಕ್ಕದ್ದು ಅಟ್ಟದ ಮೇಲಿರಲಿ. ಮೂರು ವಾರವಾದ ಮೇಲೆ ಕೆಳಗಿನದು ಮೇಲೆ, ಮೇಲಿನದು ಕೆಳಗೆ. ಅಟ್ಟದ ಮೇಲಿದೆ ಅನ್ನುವುದು ಮಕ್ಕಳಿಗೆ ಗೊತ್ತಿರಲಿ, ಬಚ್ಚಿಡಬೇಡಿ. ಅಲ್ಲಿಂದ ಒಂದನ್ನು ಕೇಳಿದರೆ ಇಳಿಸಿಕೊಡಿ, ಬದಲಿಗೆ ಒಂದನ್ನು ಅವರೇ ಆರಿಸಿ ಮೇಲೆ ಕಳಿಸಲಿ.

ಕಡಿಮೆ ಕೊಟ್ಟರೆ ಮಕ್ಕಳಿಗೆ ಮೋಸ ಮಾಡಿದಂತೆ ಅಂತ ಅನ್ನಿಸುವುದು ಬೇಡ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 36 ಪುಟ್ಟ ಮಕ್ಕಳನ್ನು ಒಮ್ಮೆ 4 ಆಟಿಕೆಗಳ ಜೊತೆ, ಇನ್ನೊಮ್ಮೆ 16 ಆಟಿಕೆಗಳ ಜೊತೆ ಆಡಲು ಬಿಟ್ಟು ನೋಡಿ, 2018ರಲ್ಲಿ ಆ ಅಧ್ಯಯನವನ್ನು ಪ್ರಕಟಿಸಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು ಆಡಿದರು, ಒಂದನ್ನೇ ಬೇರೆ ಬೇರೆ ರೀತಿಯಲ್ಲಿ ಬಳಸಿದರು. ನಿಮ್ಮ ಮಗನಿಗಿಂತ ಚಿಕ್ಕ ಮಕ್ಕಳು ಅವರು. ಆದರೂ ಎಲ್ಲವನ್ನೂ ಸುರಿದುಕೊಂಡು ಯಾವುದರಲ್ಲೂ ಆಡದೆ 'ಬೋರು' ಅನ್ನುವ ಮಕ್ಕಳನ್ನು ನೀವೂ ನೋಡಿರುತ್ತೀರಿ.

ವಿಂಗಡಿಸುವ ಕೆಲಸಕ್ಕೆ ಒಂದು ಭಾನುವಾರ ಬೆಳಿಗ್ಗೆ ಇಟ್ಟುಕೊಳ್ಳಿ, ತಿಂಡಿ ಆದ ಮೇಲೆ, ಯಜಮಾನರೂ ಮನೆಯಲ್ಲಿರುವಾಗ. ಇದು ಅವರ ಮನೆಯೂ ಹೌದು, ಅವರ ಮಕ್ಕಳೂ ಹೌದು. 'ನೀಟಾಗಿ ಇಟ್ಕೊಳ್ಳಕ್ಕಾಗಲ್ವಾ' ಅನ್ನುವ ಮಾತಿಗೆ ನೀವು ಕೊಡುವ ಉತ್ತರ ಇದೇ ಇರಲಿ: 'ಭಾನುವಾರ ಎರಡು ಗಂಟೆ ನನ್ನ ಜೊತೆ ಕೂತ್ಕೊಳ್ಳಿ.' ಅಟ್ಟ ಹತ್ತಿ ಇಳಿಸುವ ಕೆಲಸ ಅವರದೇ ಆಗಲಿ. ನಿಮ್ಮ ಪತ್ರ ಓದುತ್ತಾ ನನಗೆ ಬೇಸರವಾದದ್ದು ಈ ಜಾಗದಲ್ಲಿ. ಐದು ಜನರ ಮನೆಯ ಕಸ ಒಬ್ಬಳ ಹೆಗಲಿಗೆ ಬಿದ್ದಿದೆ.

ಮಕ್ಕಳನ್ನು 'ಯಾವುದು ಬಿಸಾಕೋಣ' ಅಂತ ಕೇಳಬೇಡಿ. ಒಂದನ್ನೂ ಬಿಡುವುದಿಲ್ಲ. ಖಾಲಿ ಬುಟ್ಟಿ ಮುಂದಿಟ್ಟು 'ಈ ಸಲ ಯಾವುದು ಕೆಳಗಿರಲಿ, ಇದರಲ್ಲಿ ಹಿಡಿಯುವಷ್ಟು ಆರಿಸಿ' ಅನ್ನಿ. ಆರಿಸುವುದು ಅವರಿಗೆ ಇಷ್ಟ. ಚಿಕ್ಕವನು ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ, ಅವನನ್ನು ಅಜ್ಜಿಯ ಹತ್ತಿರ ಬಿಟ್ಟು ಮಗಳ ಜೊತೆ ಮುಂದುವರಿಸಿ. ಮುರಿದದ್ದು, ಜೋಡಿ ತಪ್ಪಿದ್ದು, ಅರ್ಧ ಪಜಲ್ ಇವೆಲ್ಲ ಬೇರೆ ಗುಡ್ಡೆ. ಯಾವುದರ ಬಗ್ಗೆ ಯಾರಾದರೂ ಅನುಮಾನ ಪಟ್ಟರೂ ಅದನ್ನು ಒಂದು ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಮೇಲೆ ತಾರೀಖು ಬರೆದು ಮೂರು ತಿಂಗಳು ಇಡಿ. ಅಷ್ಟರಲ್ಲಿ ಯಾರೂ ಕೇಳದಿದ್ದರೆ ಮಕ್ಕಳಿಗೆ ತೋರಿಸಿ, ಒಪ್ಪಿಸಿ, ಕೊಟ್ಟುಬಿಡಿ. ಇದರ ಜೊತೆಗೆ ಒಬ್ಬೊಬ್ಬರಿಗೆ ಒಂದೊಂದು ಚಪ್ಪಲಿ ಡಬ್ಬ ಕೊಡಿ. ಅದರೊಳಗೆ ಏನಿರುತ್ತದೆ ಅಂತ ದೊಡ್ಡವರು ಯಾರೂ ಕೇಳಕೂಡದು. ಮುರಿದದ್ದಿರಲಿ, ಕಲ್ಲಿರಲಿ, ಚಾಕೊಲೇಟ್ ಕಾಗದವಿರಲಿ. ಬಸ್ಸಿಗೆ ಅಂಥದೊಂದು ಜಾಗವಿದ್ದಿದ್ದರೆ ಅದು ಉಳಿಯುತ್ತಿತ್ತು.

ನಿಮ್ಮ 500 ರೂಪಾಯಿಯನ್ನು ಮೊದಲೇ ಖರ್ಚು ಮಾಡಬೇಡಿ. ಎಲ್ಲರೂ ಮೊದಲು ಡಬ್ಬ ಕೊಳ್ಳುತ್ತಾರೆ, ಆಮೇಲೆ ಡಬ್ಬಗಳೇ ಜಾಗ ತಿನ್ನುತ್ತವೆ. ವಿಂಗಡಿಸಿದ ಮೇಲೆ ಎಷ್ಟು ಉಳಿಯಿತು ಅಂತ ನೋಡಿ ಆಮೇಲೆ ಪೇಟೆಗೆ ಹೋಗಿ. ಕಿರಾಣಿ ಅಂಗಡಿಯಲ್ಲಿ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ ಕೇಳಿದರೆ ಕೊಡುತ್ತಾರೆ. ಅಟ್ಟದ ಮೇಲಕ್ಕೆ ಅದೇ ಸಾಕು, ಆದರೆ ಮಳೆಗಾಲದಲ್ಲಿ ರಟ್ಟು ತೇವ ಎಳೆದುಕೊಳ್ಳುವುದರಿಂದ ಕೆಳಗೊಂದು ಹಲಗೆಯೋ ಹಳೆ ಪ್ಲಾಸ್ಟಿಕ್ ಹಾಳೆಯೋ ಇರಲಿ. ಕೆಳಗೆ ದಿನಾ ಬಳಸುವುದಕ್ಕೆ ಮುಚ್ಚಳ ಇಲ್ಲದ ಪ್ಲಾಸ್ಟಿಕ್ ಬುಟ್ಟಿ ಮೂರೋ ನಾಲ್ಕೋ ಕೊಳ್ಳಿ. ಮುಚ್ಚಳ ಇದ್ದರೆ ಮಕ್ಕಳು ತೆಗೆಯುತ್ತಾರೆ, ವಾಪಸ್ಸು ಹಾಕುವುದಿಲ್ಲ. ಬುಟ್ಟಿಗಳು ಗೋಡೆ ಬೀರುವಿನ ಕೆಳಗಿನ ಹಲಗೆಯ ಮೇಲೆ, ಮಗನ ಕೈಗೆ ಸಿಗುವ ಎತ್ತರದಲ್ಲಿರಲಿ. ಅವನಿಗೆ ಓದಲು ಬರುವುದಿಲ್ಲವಲ್ಲ, ಬುಟ್ಟಿಯ ಮೇಲೆ ಕಾರು, ಗೊಂಬೆ, ಬ್ಲಾಕಿನ ಚಿತ್ರವನ್ನು ಮಗಳೇ ಬರೆದು ಅಂಟಿಸಲಿ. ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯುವ ಗೋಜಿಗೆ ಹೋಗಬೇಡಿ.

ಅತ್ತೆಯನ್ನು ಜಾರಿಸಿದ ಆ ಬ್ಲಾಕುಗಳಿಗೆ ಒಂದು ಉಪಾಯವಿದೆ. ಹಳೆಯ ಸಿಂಗಲ್ ಬೆಡ್‌ಶೀಟನ್ನು ಹಾಲಿನ ಮೂಲೆಯಲ್ಲಿ ಹಾಸಿ. ಬ್ಲಾಕಿನ ಆಟ ಆ ಶೀಟಿನ ಮೇಲೆ ಮಾತ್ರ. ಆಟ ಮುಗಿದ ಮೇಲೆ ನಾಲ್ಕು ತುದಿ ಸೇರಿಸಿ, ಮೂಟೆಯ ಹಾಗೆ ಎತ್ತಿ ಗಂಟು ಹಾಕಿ ಬುಟ್ಟಿಗೆ ಇಳಿಸಿದರೆ ಆಯಿತು, ಅರ್ಧ ನಿಮಿಷದ ಕೆಲಸ. ಮಕ್ಕಳಿಗೆ ಆ ಮೂಟೆ ಎಳೆಯುವುದೂ ಒಂದು ಆಟವೇ. ಮೆತ್ತನೆ ಗೊಂಬೆಗಳನ್ನು ದಿಂಬಿನ ಕವರಿಗೆ ಹಾಕಿ ಒಗೆದು, ಬಿಸಿಲಿಗೆ ಒಣಗಿಸಿ.

ಒಂದು ವಿಷಯದಲ್ಲಿ ಮಾತ್ರ ಮಕ್ಕಳನ್ನು ಕೇಳುತ್ತಾ ಕೂರಬೇಡಿ. ಲೈಟು ಬರುವ, ಹಾಡುವ ಆಟಿಕೆಗಳಲ್ಲಿ ಶರ್ಟಿನ ಗುಂಡಿಯಂಥ ಚಪ್ಪಟೆ ಸೆಲ್ಲು ಇರಬಹುದು. ಅದನ್ನು ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಲು ಶುರುವಾಗಬಹುದು. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆ ಕಂಡರೆ ಕೂಡಲೇ ತೆಗೆದಿಡಿ. ಮಗು ಸೆಲ್ಲು ನುಂಗಿರಬಹುದು ಅನ್ನುವ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ. ಹೊಸದು ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಅದು ಕಡ್ಡಾಯ.

ಚೆನ್ನಾಗಿರುವುದನ್ನು ಯಾರಿಗೆ ಕೊಡಲಿ ಅಂದರೆ, ಹತ್ತಿರದ ಅಂಗನವಾಡಿಯ ಮೇಡಂ ಅವರನ್ನು ಕೇಳಿ. ತೊಳೆದು, ಒರೆಸಿ, ಪೂರ್ತಿ ಇರುವುದನ್ನೇ ಕೊಡಿ, ಮುರಿದದ್ದನ್ನು ಬಡವರ ಮಕ್ಕಳಿಗೆ ದಾಟಿಸಬೇಡಿ. ಮಗಳನ್ನೂ ಕರೆದುಕೊಂಡು ಹೋಗಿ, ತನ್ನ ಕೈಯಿಂದಲೇ ಕೊಡಲಿ. 2023ರಲ್ಲಿ ಸ್ವಚ್ಛ ಭಾರತ ಯೋಜನೆಯಡಿ ಊರೂರುಗಳಲ್ಲಿ ಹಳೆ ಬಟ್ಟೆ, ಪುಸ್ತಕ, ಆಟಿಕೆ ಪಡೆಯುವ ಆರ್‌ಆರ್‌ಆರ್ ಕೇಂದ್ರಗಳನ್ನು ತೆರೆದಿದ್ದರು. ನಿಮ್ಮ ಕಡೆ ನಡೆಯುತ್ತಿದೆಯೇ ಅಂತ ಕಸದ ಗಾಡಿಯವರನ್ನು ವಿಚಾರಿಸಿ. ಮುರಿದ ಪ್ಲಾಸ್ಟಿಕ್ಕು ಒಣ ಕಸಕ್ಕೆ, ಸೆಲ್ಲು ಬೇರೆಯಾಗಿ.

ನಿಮ್ಮ ನಾದಿನಿಯ ಮನಸ್ಸು ನೋಯಿಸುವುದೂ ಬೇಡ. ಅವರು ತರುವುದು ಪ್ರೀತಿಯಿಂದಲೇ. 'ಈ ಸಲ ಬಣ್ಣದ ಪೆನ್ಸಿಲ್ ತಾ, ಇಲ್ಲ ಒಂದು ಕತೆ ಪುಸ್ತಕ ತಾ, ರಾತ್ರಿ ಓದಿಸ್ತೀನಿ' ಅಂತ ಮುಂಚೆಯೇ ಫೋನಿನಲ್ಲಿ ಹೇಳಿಬಿಡಿ. ಹೇಳದಿದ್ದರೆ ಅವರಿಗಾದರೂ ಹೇಗೆ ಗೊತ್ತಾಗಬೇಕು? ಅಥವಾ ಅತ್ತೆಯ ಬಾಯಿಂದಲೇ ಹೇಳಿಸಿ, ಮಗಳಿಗೆ ತಾಯಿ ಹೇಳಿದರೆ ಬೇರೆ ಅರ್ಥ ಬರುವುದಿಲ್ಲ.

ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆ ಜಾತ್ರೆ ಬರುತ್ತದೆ. ಅತ್ತೆಯನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಿ. ಮಾವನವರು ಬಸ್ಸು ಕೊಂಡ ಅಂಗಡಿಸಾಲನ್ನು ಅತ್ತೆ ತೋರಿಸಲಿ. ಮಗ ಏನಾದರೂ ಕೇಳಿದರೆ ಅಜ್ಜಿಯ ಕೈಯಿಂದಲೇ ಕೊಡಿಸಿ. ಅವನು ಬಸ್ಸನ್ನೇ ಕೇಳಬೇಕೆಂದಿಲ್ಲ.

ಅದಕ್ಕೆ ಇನ್ನೂ ಕಾಲವಿದೆ. ವಿಂಗಡಿಸುವುದಕ್ಕೂ ಭಾನುವಾರದವರೆಗೆ ಕಾಯಬಹುದು. ಮಗನಿಗೆ ಹೇಳಬೇಕಾದ ಮಾತನ್ನು ಮಾತ್ರ ಇವತ್ತು ರಾತ್ರಿಯೇ ಹೇಳಿ, ಅವನು ಟಾರ್ಚು ಕೈಗೆತ್ತಿಕೊಳ್ಳುವ ಮುಂಚೆ.