ಷೇರು ಬೆಲೆಯ ಜೊತೆ ಅದರ ಗಂಟೆಯೂ ಇರಲಿ

ಪ್ರಶ್ನೆ: ಮೇಡಂ, ನಾನು ಚಿಂತಾಮಣಿಯವನು, ಬಿಸಿಎ ಕೊನೆಯ ವರ್ಷ. ಪ್ರಾಜೆಕ್ಟ್‌ಗೆ ಷೇರು ಬೆಲೆ ತೋರಿಸುವ ಮೊಬೈಲ್ ಆ್ಯಪ್ ಮಾಡುತ್ತಿದ್ದೇನೆ. ಟಿವಿಯಲ್ಲಿ ಬರುವ ಬೆಲೆಗೂ ನನ್ನದಕ್ಕೂ ತಾಳೆ ಆಗುತ್ತಿಲ್ಲ. ಶೇಕಡಾ ಏರಿಕೆಯೂ ಬೇರೆ ಬರುತ್ತದೆ. ಇಪ್ಪತ್ತು ಷೇರು ಹಾಕಿದರೆ ಪರದೆ ಕುಣಿಯುತ್ತದೆ, ಫೋನ್ ಬಿಸಿಯಾಗುತ್ತದೆ. ಟೊಮೆಟೊ ಮಂಡಿ ಇಟ್ಟಿರುವ ನಮ್ಮ ಮಾವ ನೋಡಿ, "ಇದನ್ನ ನಂಬ್ಕೊಂಡು ಯಾರಪ್ಪ ಕೊಳ್ತಾರೆ?" ಅಂತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಮಾವ ಕೇಳಿದ್ದು ಸರಿಯಾಗಿಯೇ ಇದೆ. ಹದಿನೈದು ಕೆಜಿ ಬಾಕ್ಸ್‌ಗೆ ಬೆಳಗಿನ ಹರಾಜಿನಲ್ಲಿ ಕೂಗಿದ ರೇಟನ್ನು ಮಧ್ಯಾಹ್ನ ಬಂದ ರೈತರಿಗೆ ಹೇಳಿದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತು. ನಿಮ್ಮ ಆ್ಯಪ್ ಮಾಡುತ್ತಿರುವುದು ಅದನ್ನೇ. ಪುಕ್ಕಟೆ ಸಿಗುವ ಡೇಟಾ ಸಾಮಾನ್ಯವಾಗಿ ಹದಿನೈದು ನಿಮಿಷ ಹಳೆಯದು. ಆ ಕ್ಷಣದ ಬೆಲೆಯನ್ನು ಷೇರು ವಿನಿಮಯ ಕೇಂದ್ರಗಳಾದ ಎನ್‌ಎಸ್‌ಇ, ಬಿಎಸ್‌ಇ ಒಪ್ಪಂದ ಮಾಡಿಕೊಂಡು ದುಡ್ಡಿಗೆ ಕೊಡುತ್ತವೆ. ಕಾಲೇಜು ಪ್ರಾಜೆಕ್ಟ್‌ಗೆ ಅಷ್ಟೆಲ್ಲ ಬೇಡ. ಬೆಲೆಯ ಕೆಳಗೆ 'ಬೆಳಿಗ್ಗೆ 11:42ರ ಬೆಲೆ' ಅಂತ ಬರೆದುಬಿಡಿ. ಆ ಗಂಟೆ ಡೇಟಾದ ಜೊತೆ ಬಂದದ್ದಾಗಿರಲಿ, ಫೋನಿನ ಗಡಿಯಾರದ್ದು ಬೇಡ. ನೆಟ್ ಹೋದಾಗ ಬೆಲೆ ಮಂಕಾಗಬೇಕು. ಪೇಟೆ 9:15ಕ್ಕೆ ತೆರೆದು 3:30ಕ್ಕೆ ಮುಚ್ಚುತ್ತದೆ. ಆಮೇಲೆ 'ಮುಚ್ಚಿದೆ' ಅಂತ ತೋರಿಸಿ.

ಶೇಕಡಾ ಲೆಕ್ಕ ತಪ್ಪಲು ಕಾರಣ, ನೀವು ಇವತ್ತಿನ ಆರಂಭದ ಬೆಲೆಯಿಂದ ಎಣಿಸುತ್ತಿದ್ದೀರಿ ಅನ್ನಿಸುತ್ತದೆ. ಎಲ್ಲರೂ ಎಣಿಸುವುದು ಹಿಂದಿನ ದಿನದ ಮುಕ್ತಾಯದ ಬೆಲೆಯಿಂದ. ನಿನ್ನೆ 200ಕ್ಕೆ ಮುಗಿದು, ಇವತ್ತು 204ಕ್ಕೆ ತೆರೆದು, ಈಗ 206.40 ಇದ್ದರೆ ಏರಿಕೆ ಶೇ 3.2. ನಿಮ್ಮ ಲೆಕ್ಕದಲ್ಲಿ ಅದು ಶೇ 1.18 ಆಗುತ್ತದೆ. ಇನ್ನೊಂದು ಸೂಕ್ಷ್ಮ: ದಿನದ ಕೊನೆಯ ವಹಿವಾಟಿನ ಬೆಲೆಯೇ ಮುಕ್ತಾಯದ ಬೆಲೆ ಆಗಬೇಕಿಲ್ಲ. ಎನ್‌ಎಸ್‌ಇ ಕೊನೆಯ ಅರ್ಧ ಗಂಟೆಯಲ್ಲಿ ಎಷ್ಟು ಷೇರು ಯಾವ ಬೆಲೆಗೆ ಹೋಯಿತು ಅಂತ ನೋಡಿ ಸರಾಸರಿ ತೆಗೆಯುತ್ತಾ ಬಂದಿದೆ. ಅದಕ್ಕೇ ಆ ಸಂಖ್ಯೆಯನ್ನು ನೀವೇ ಕಟ್ಟಬೇಡಿ, ಡೇಟಾದಲ್ಲಿ ಬಂದದ್ದನ್ನೇ ಬಳಸಿ. ಕಂಪನಿ ಒಂದಕ್ಕೊಂದು ಬೋನಸ್, ಅಂದರೆ ಇರುವ ಪ್ರತಿ ಷೇರಿಗೂ ಇನ್ನೊಂದು ಷೇರು ಪುಕ್ಕಟೆ ಕೊಟ್ಟಾಗ ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಳೆಯ ಬೆಲೆಯನ್ನೂ ಅರ್ಧ ಮಾಡದಿದ್ದರೆ ಆ್ಯಪ್ 'ಶೇ 50 ಕುಸಿತ' ಅಂತ ಕೆಂಪಗೆ ಕಿರುಚುತ್ತದೆ. ಷೇರು ಇಟ್ಟವರ ಎದೆ ಒಡೆದುಹೋಗಲ್ವಾ?

ಬೆಲೆಯನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡಿ: 206.40 ಅಂದರೆ 20640. ಕೋಡ್‌ನಲ್ಲಿ ದಶಮಾಂಶದಲ್ಲಿ ಕೂಡಿಸಿದರೆ 0.1 ಮತ್ತು 0.2 ಸೇರಿ 0.30000000000000004 ಆಗುವ ತಮಾಷೆ ಕಾಣುತ್ತೀರಿ.

ಫೋನ್ ಬಿಸಿಯಾಗುವುದಕ್ಕೆ ಬರೋಣ. ಹದಿನೈದು ನಿಮಿಷ ಹಳೆಯ ಡೇಟಾವನ್ನು ಸೆಕೆಂಡಿಗೊಮ್ಮೆ ಸುಮ್ನೆ ಯಾಕೆ ಕೇಳುತ್ತೀರಿ? ನಿಮಿಷಕ್ಕೊಮ್ಮೆ ಸಾಕು. ಬದಲಾದ ಸಾಲನ್ನು ಮಾತ್ರ ಮತ್ತೆ ಬರೆಸಿ, ಇಡೀ ಪಟ್ಟಿಯನ್ನಲ್ಲ. ಆ್ಯಪ್ ಹಿಂದಕ್ಕೆ ಸರಿದಾಗ ಕೇಳುವುದನ್ನೇ ನಿಲ್ಲಿಸಿ. ಪರದೆ ಕುಣಿಯುವುದು ಜಾಸ್ತಿ ಅಕ್ಷರಶೈಲಿಯಿಂದ. 1ರ ಅಗಲ ಒಂದು, 8ರದು ಇನ್ನೊಂದು. ಎಲ್ಲ ಅಂಕಿಗೂ ಒಂದೇ ಅಗಲ ಇರುವ ಫಾಂಟ್ ಹಾಕಿ, ಬಲಕ್ಕೆ ಜೋಡಿಸಿ.

ಬಣ್ಣವನ್ನೇ ನಂಬಬೇಡಿ. ಕೆಂಪು, ಹಸಿರು ಬೇರೆಬೇರೆಯಾಗಿ ಕಾಣದ ಗಂಡಸರು ಸಾಕಷ್ಟು ಇದ್ದಾರೆ. ನಮ್ಮ ತಂದೆಯೂ ಹಾಗೇ. ತುಮಕೂರಿನ ಮನೆಯಲ್ಲಿ ಫೋನ್ ಹಿಡಿದು "ಏರಿದೆಯೇನೇ, ಇಳಿದಿದೆಯೇನೇ?" ಅಂತ ನನ್ನನ್ನೇ ಕೇಳುತ್ತಾರೆ. ಬಾಣದ ಗುರುತೂ ಕೂಡಿಸುವ, ಕಳೆಯುವ ಚಿಹ್ನೆಯೂ ಇರಲಿ.

ಇಷ್ಟಾದ ಮೇಲೂ ಬಿಸಿ ಇಳಿಯದಿದ್ದರೆ ಪಟ್ಟಿ ಬರೆಸುವ ಭಾಗದ ಕೋಡ್ ಕಳಿಸಿ, ನೋಡೋಣ.