ಸ್ಪಾರ್ಕ್ ಇಲ್ಲ ಅಂದ ತಕ್ಷಣ ಡಿಸ್ಟ್ರಿಬ್ಯೂಟರ್ ಬದಲಿಸಬೇಡಿ

ಮಳೆಗಾಲ ಬಂತೆಂದರೆ ಸಾಕು, ಇದೇ ಪ್ರಶ್ನೆ. ಡಿಸ್ಟ್ರಿಬ್ಯೂಟರ್ ಅಂದರೆ ಎಂಜಿನ್ನಿನ ಪ್ಲಗ್‌ಗಳಿಗೆ ಸರದಿಯಂತೆ ಸ್ಪಾರ್ಕ್ ಹಂಚುವ ಭಾಗ. ಚೆಕ್ ಮಾಡದೆ ಸಾಮಾನು ಬದಲಿಸಬೇಡಿ ಅಂತ ಎಷ್ಟು ಸಲ ಹೇಳಲಿ? ಈ ಸಲ ಬಿಡಿಸಿಯೇ ಬರೆಯುತ್ತೇನೆ.

ಪ್ರಶ್ನೆ: ನಮ್ಮದು 1998ರ ಕಾರ್ಬ್ಯುರೇಟರ್ ಜಿಪ್ಸಿ, ತೋಟದ ಕೆಲಸಕ್ಕೆ ಇಟ್ಟುಕೊಂಡಿದ್ದೇವೆ. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಸ್ಪಾರ್ಕ್ ಇಲ್ಲ. ಹೊಸ ಇಗ್ನಿಷನ್ ಕಾಯಿಲ್ (ಸ್ಪಾರ್ಕ್‌ಗೆ ಹೈ ವೋಲ್ಟೇಜ್ ಕೊಡುವುದು) ಹಾಕಿಸಿದ್ದೂ ಆಯಿತು. ಈಗ ಡಿಸ್ಟ್ರಿಬ್ಯೂಟರ್ ಸೆಟ್ಟೇ ಹೋಗಿದೆ ಅನ್ನುತ್ತಾರೆ. ಒಳಗಿನ ಸೆನ್ಸರ್ ಚೆಕ್ ಮಾಡುವುದು ಹೇಗೆ? (ಸಕಲೇಶಪುರದ ಓದುಗರು)

ಕಾಯಿಲ್ ಹಾಕುವ ಮೊದಲು ಕೇಳಿದ್ದರೆ ಆ ದುಡ್ಡು ಉಳಿಯುತ್ತಿತ್ತು. ಇರಲಿ.

ಮೊದಲು ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. ಒಳಗಿನ ರೋಟರ್ (ತಿರುಗುವ ತುಂಡು) ತಿರುಗುತ್ತಿದೆಯಾ ನೋಡಿ. ತಿರುಗದಿದ್ದರೆ ಸೆನ್ಸರ್ ಮಾತು ಬಿಡಿ, ಅದನ್ನು ತಿರುಗಿಸುವ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. ಕ್ಯಾಪ್ ಒಳಗೆ ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಸಣ್ಣ ಕಪ್ಪು ಗೆರೆ ಇದ್ದರೆ ಕ್ಯಾಪ್ ಬದಲಿಸಿ. ಮಲೆನಾಡಿನ ತೇವಕ್ಕೆ ಇದು ಜಾಸ್ತಿ.

ಆಮೇಲೆ ಒಂದು 12 ವೋಲ್ಟ್ ಟೆಸ್ಟ್ ಲ್ಯಾಂಪ್ ತಗೊಳ್ಳಿ. ಇಗ್ನಿಷನ್ ಆನ್ ಮಾಡಿ, ಕಾಯಿಲ್‌ನ ಪ್ಲಸ್‌ಗೆ ಕರೆಂಟ್ ಬರುತ್ತಿದೆಯಾ ನೋಡಿ. ಬರುತ್ತಿದ್ದರೆ ಲ್ಯಾಂಪಿನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಕಾಯಿಲ್‌ನ ಮೈನಸ್‌ಗೆ ಹಿಡಿದು ಸೆಲ್ಫ್ ಹೊಡೆಸಿ. ಲ್ಯಾಂಪ್ ಮಿಣಮಿಣ ಅಂದರೆ ಸೆನ್ಸರ್, ಇಗ್ನೈಟರ್ (ಸೆನ್ಸರ್ ಸಿಗ್ನಲ್ ನೋಡಿ ಕಾಯಿಲ್ ಆನ್-ಆಫ್ ಮಾಡುವ ಮಾಡ್ಯೂಲ್) ಎರಡೂ ಕೆಲಸ ಮಾಡುತ್ತಿವೆ. ತೊಂದರೆ ಇರುವುದು ಕಾಯಿಲ್, ಕ್ಯಾಪ್, ರೋಟರ್, ಎಚ್‌ಟಿ ವೈರ್ (ಪ್ಲಗ್‌ಗೆ ಹೋಗುವ ದಪ್ಪ ವೈರ್) ಕಡೆ. ಮಿಣುಕದಿದ್ದರೆ ಮಾತ್ರ ಸೆನ್ಸರ್‌ಗೆ ಕೈ ಹಾಕಿ.

ನಿಮ್ಮ ಗಾಡಿಯಲ್ಲಿರುವ ಸೆನ್ಸರ್ ಅಂದರೆ ಪಿಕಪ್ ಕಾಯಿಲ್. ಹಲ್ಲಿನ ಚಕ್ರ ಅದರ ಎದುರು ಹಾದು ಹೋದಾಗಲೆಲ್ಲ ಸಣ್ಣ ಕರೆಂಟ್ ಹುಟ್ಟುತ್ತದೆ. ಅದರ ಎರಡೂ ವೈರ್ ಬಿಡಿಸಿ, ಮಲ್ಟಿಮೀಟರ್ ಓಮ್‌ನಲ್ಲಿಟ್ಟು ಅಳೆಯಿರಿ. ಎಷ್ಟಿರಬೇಕು ಅನ್ನುವುದನ್ನು ನಿಮ್ಮ ಗಾಡಿಯ ಸರ್ವೀಸ್ ಮ್ಯಾನ್ಯುಯಲ್‌ನಲ್ಲೇ ನೋಡಿ, ಬೇರೆ ಗಾಡಿಯ ಲೆಕ್ಕ ಬೇಡ. ಒಂದೊಂದು ವೈರಿನಿಂದ ಬಾಡಿಗೂ ಅಳೆಯಿರಿ. ಅಲ್ಲಿ ಕನೆಕ್ಷನ್ ತೋರಿಸಬಾರದು.

ಓಮ್ ಸರಿ ಬಂದರೆ ಸೆನ್ಸರ್ ಸರಿ ಅಂದುಕೊಳ್ಳಬೇಡಿ. ನಾನೇ ಹಾಗೆ ನಂಬಿ ಒಂದಿಡೀ ದಿನ ಕಳೆದಿದ್ದೇನೆ. ವೈರ್ ಮೇಲಿನಿಂದ ಹೊಸದರ ಹಾಗಿತ್ತು. ಮೀಟರ್ ಹಿಡಿದುಕೊಂಡೇ ವೈರನ್ನು ಮೆಲ್ಲಗೆ ಬಾಗಿಸಿದೆ, ರೀಡಿಂಗ್ ಹೋಯಿತು. ಸಿಪ್ಪೆಯೊಳಗೆ ತಾಮ್ರ ತುಂಡಾಗಿತ್ತು. ವ್ಯಾಕ್ಯೂಮ್ ಅಡ್ವಾನ್ಸ್‌ಗೆ (ಲೋಡಿಗೆ ತಕ್ಕಂತೆ ಸ್ಪಾರ್ಕ್ ಸಮಯ ಹಿಂದೆ ಮುಂದೆ ಮಾಡುವ ವ್ಯವಸ್ಥೆ) ಪಿಕಪ್ ಕೂತ ಪ್ಲೇಟ್ ಆ ಕಡೆ ಈ ಕಡೆ ಆಡುತ್ತಲೇ ಇರುತ್ತದೆ, ಅದರ ಜೊತೆ ವೈರೂ ಬಾಗುತ್ತದೆ. ಅದಕ್ಕೇ ಬಾಗಿಸಿ ಅಳೆಯಿರಿ. ಬಿಸಿಯಾದಾಗ ಮಾತ್ರ ಕೈಕೊಡುತ್ತದೆ ಅನ್ನಿಸಿದರೆ ಹೇರ್ ಡ್ರೈಯರ್‌ನಲ್ಲಿ ಕಾಯಿಸಿ ಇನ್ನೊಮ್ಮೆ ನೋಡಿ.

ಕೊನೆಗೆ ಪಿಕಪ್‌ನ ಎರಡೂ ವೈರಿಗೆ ಹಿಡಿದ ಮೀಟರನ್ನು ಎಸಿ ವೋಲ್ಟ್‌ಗೆ ಹಾಕಿ ಸೆಲ್ಫ್ ಹೊಡೆಸಿ. ರೀಡಿಂಗ್ ಸ್ವಲ್ಪವೂ ಏಳದಿದ್ದರೆ ಹಲ್ಲಿಗೂ ಪಿಕಪ್‌ಗೂ ಮಧ್ಯದ ಗ್ಯಾಪ್ ನೋಡಿ. ಈ ಎಂಜಿನ್‌ಗೆ 0.2ರಿಂದ 0.4 ಮಿಲಿಮೀಟರ್. ಹಿತ್ತಾಳೆಯ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಬಳಸಿ. ಅಲ್ಲಿ ಮ್ಯಾಗ್ನೆಟ್ ಇದೆ, ಸ್ಟೀಲಿನದು ಅಂಟಿಕೊಂಡು ಸುಳ್ಳು ಅಳತೆ ಕೊಡುತ್ತದೆ. ಗ್ಯಾಪ್ ಸರಿಯಿದ್ದೂ ವೋಲ್ಟೇಜ್ ಇಲ್ಲ ಅಂದರೆ ಪಿಕಪ್ ಹೋಗಿದೆ. ವೋಲ್ಟೇಜ್ ಇದ್ದೂ ಲ್ಯಾಂಪ್ ಮಿಣುಕದಿದ್ದರೆ ಇಗ್ನೈಟರ್. ಎರಡರಲ್ಲಿ ಯಾವುದು ಹೋದರೂ ಇಡೀ ಸೆಟ್ ಯಾಕೆ ಬದಲಿಸಬೇಕು?

ಪ್ರಶ್ನೆ: ಕೆಲವು ಗಾಡಿಗಳಲ್ಲಿ ಪಿಕಪ್ ಬದಲು ಇರುವ ಮೂರು ವೈರಿನ ಹಾಲ್ ಸೆನ್ಸರನ್ನೂ ಓಮ್‌ನಲ್ಲೇ ನೋಡಬಹುದಾ?

ಬೇಡ. ಸಪ್ಲೈ, ಅರ್ತ್ ಎರಡೂ ಇವೆಯಾ ನೋಡಿ. ಆಮೇಲೆ ಕಪ್ಲರ್ (ವೈರ್ ಕನೆಕ್ಟರ್) ಹಾಕಿದ್ದಂತೆಯೇ ಸಿಗ್ನಲ್ ವೈರಿಗೆ ಡಿಸಿ ವೋಲ್ಟ್ ಮೀಟರ್ ಹಿಡಿದು ಎಂಜಿನ್ ನಿಧಾನ ತಿರುಗಿಸಿ. ವೋಲ್ಟೇಜ್ ಏರಿ ಇಳಿದು ಆಗಬೇಕು.

ಪ್ರಶ್ನೆ: ಎಚ್‌ಟಿ ವೈರ್ ಕಿತ್ತು ಬಾಡಿ ಹತ್ತಿರ ಕೈಯಲ್ಲಿ ಹಿಡಿದರೆ ಸ್ಪಾರ್ಕ್ ಗೊತ್ತಾಗುತ್ತದೆ ಅಂತಾರೆ, ಸರಿಯಾ?

ತಪ್ಪು. ಇದನ್ನು ಕಲಿಸುವವರ ಹತ್ತಿರ ಗಾಡಿ ಬಿಡಬೇಡಿ. ಸಾವಿರಾರು ವೋಲ್ಟ್ ಅದು. ಸಾಲದ್ದಕ್ಕೆ, ಸ್ಪಾರ್ಕ್ ಹಾರಲು ದಾರಿ ಸಿಗದಿದ್ದರೆ ಇಗ್ನೈಟರ್ ಸುಡುತ್ತದೆ. ಸ್ಪಾರ್ಕ್ ಟೆಸ್ಟರ್ ಕೊಳ್ಳಿ, ಕಾರ್ಬ್ಯುರೇಟರ್‌ನಿಂದ ದೂರ ಇಟ್ಟು ನೋಡಿ.

ಪ್ರಶ್ನೆ: 2014ರ ಸ್ವಿಫ್ಟ್‌ನಲ್ಲಿ ಡಿಸ್ಟ್ರಿಬ್ಯೂಟರ್ ಎಲ್ಲಿರುತ್ತದೆ?

ಇರುವುದಿಲ್ಲ. ಅದಕ್ಕೆ ಡಿಸ್ಟ್ರಿಬ್ಯೂಟರ್ ರಿಪೇರಿ ಅಂತ ಯಾರಾದರೂ ಬಿಲ್ ಕೊಟ್ಟರೆ ಕಟ್ಟಬೇಡಿ.